ಜೆಜುರಿಗೆ ಹೋಗಿಬರುವ ಟಿಕೆಟ್ಟು

ಭಾನುವಾರ ಬೆಳಗ್ಗೆ ಹತ್ತು ಗಂಟೆ ಕಳೆದ ಮೇಲೆ ನಮ್ಮ ಕೆಮ್ಮಣ್ಣಿನ ತೂಗುಸೇತುವೆ ನಮ್ಮದಲ್ಲ. ಸುವರ್ಣಾ ನದಿಯ ಈ ದಡದಿಂದ ತಿಮ್ಮಣ್ಣಕುದ್ರುವಿಗೆ ಹೋಗುವ ಸೇತುವೆ ಅದು. ಕುದ್ರು ಅಂದರೆ ಹೊಳೆಯ ನಡುವಿನ ದ್ವೀಪ. ಅಲ್ಲಿಯ ಜನ ಅಂಗಡಿಗೆ, ಶಾಲೆಗೆ, ಬಸ್ಸಿಗೆ ಅಂತ ಓಡಾಡುವ ದಾರಿ. ಈಗ ವಾರದ ಕೊನೆಗೆ ಮಣಿಪಾಲದ ಹಾಸ್ಟೆಲುಗಳಿಂದ, ಬೆಂಗಳೂರಿನಿಂದ ಬಂದವರು ನಟ್ಟನಡುವೆ ನಿಂತು ರೀಲ್ಸ್ ಮಾಡುತ್ತಾರೆ. ತೆಂಗಿನಕಾಯಿ ಚೀಲ ಹೊತ್ತು ಬಂದ ಅಜ್ಜ ಅವರ ವಿಡಿಯೋ ಮುಗಿಯುವ ತನಕ ಆಚೆ ತುದಿಯಲ್ಲಿ ಕಾಯುತ್ತಾನೆ. ಒಮ್ಮೊಮ್ಮೆ ಅವನನ್ನೇ ಕರೆದು, "ಅಜ್ಜಾ, ಸ್ವಲ್ಪ ಹೀಗೇ ನಡ್ಕೊಂಡು ಬನ್ನಿ" ಅಂತ ಅವನನ್ನೂ ಸೇರಿಸಿಕೊಂಡು ಇನ್ನೊಂದು ವಿಡಿಯೋ ಮಾಡುತ್ತಾರೆ.

ಇದನ್ನೆಲ್ಲ ಕಂಡಾಗ ನನಗೆ ಬರುವ ಸಿಟ್ಟು ದೊಡ್ಡದೇನಲ್ಲ, ಹಳೆಯದು. ಅದನ್ನು ಜೊತೆಗಿಟ್ಟುಕೊಂಡೇ ನಾನು ಈ ಪುಸ್ತಕ ಓದಿದ್ದು. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಪುಸ್ತಕ ಅರುಣ್ ಕೊಲಟ್ಕರ್ ಅವರ ‘ಜೆಜುರಿ’. 1976ರಲ್ಲಿ ಬಂದದ್ದು, 31 ಕವಿತೆಗಳು, ಇಂಗ್ಲಿಷಿನಲ್ಲಿ ಬರೆದದ್ದು. ಕೊಲಟ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರದಲ್ಲಿ. ಹೊಟ್ಟೆಪಾಡಿಗೆ ಮುಂಬೈಯ ಜಾಹೀರಾತು ಲೋಕದಲ್ಲಿ ಚಿತ್ರ, ವಿನ್ಯಾಸದ ಕೆಲಸ. ಕವಿತೆ ಬರೆದದ್ದು ಮರಾಠಿ, ಇಂಗ್ಲಿಷ್ ಎರಡರಲ್ಲೂ. 1963ರಲ್ಲಿ ತಮ್ಮ ಮಕರಂದ ಮತ್ತು ಗೆಳೆಯ ಮನೋಹರ ಓಕ್ ಜೊತೆ ಪುಣೆ ಜಿಲ್ಲೆಯ ಜೆಜುರಿಗೆ, ಖಂಡೋಬನ ಕ್ಷೇತ್ರಕ್ಕೆ ಹೋಗಿಬಂದರು. ಆ ಭೇಟಿಯಿಂದ ಹುಟ್ಟಿದ ಸಂಕಲನಕ್ಕೆ 1977ರಲ್ಲಿ ಕಾಮನ್‌ವೆಲ್ತ್ ಕಾವ್ಯ ಪ್ರಶಸ್ತಿ ಬಂತು. ಕವಿ 2004ರಲ್ಲಿ ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನಿಂದ ಅಮಿತ್ ಚೌಧುರಿಯವರ ಮುನ್ನುಡಿಯೊಂದಿಗೆ ಹೊಸ ಮುದ್ರಣ ಬಂತು.

ನಮ್ಮ ಆಫೀಸಿನಲ್ಲಿ ಐದು ಜನರ ಒಂದು ಓದಿನ ಗುಂಪುಂಟು. ತಿಂಗಳಿಗೊಂದು ಪುಸ್ತಕ ಓದಿ, ಶನಿವಾರ ಸಂಜೆ ದರ್ಶಿನಿಯೊಂದರಲ್ಲಿ ಕೂತು ಕಾಫಿ ಆರುವ ತನಕ ಜಗಳ ಆಡುವುದು ನಮ್ಮ ಪದ್ಧತಿ. ಈ ಪುಸ್ತಕದ ದಿನ ಕಾಫಿ ಎರಡು ಸಲ ಆರಿತು.

ಹುಬ್ಬಳ್ಳಿಯ ಗೆಳೆಯನಿಗೆ ಪುಸ್ತಕ ಭಾರೀ ಹಿಡಿಸಿತ್ತು. ಮಿರಜ್ ದಾರಿಯ ರೈಲಿನಲ್ಲಿ ಪುಣೆಗೆ ಹೋಗುವಾಗ ಜೆಜುರಿ ಸ್ಟೇಷನ್ನಿನ ಬೋರ್ಡನ್ನು ಹತ್ತಾರು ಸಲ ನೋಡಿದವ ಅವನು, ಇಳಿದವನಲ್ಲ. "ಇಂವಾ ಇದ್ದದ್ದನ್ನ ಇದ್ದಂಗ ನೋಡ್ಯಾನ. ಮುರಿದ ಬಾಗಿಲು ಮುರಿದ ಬಾಗಿಲು, ನಲ್ಲಿ ನಲ್ಲಿ. ಭಕ್ತಿ ಹಚ್ಚಿಲ್ಲ, ಬೈದೂ ಇಲ್ಲ" ಅಂದ. ಇನ್ನೊಬ್ಬಳು, ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು, ಅವನ ಪಕ್ಷ. ಮೂರನೆಯವನಿಗೆ ಇದು ಸಾಲು ಮುರಿದು ಬರೆದ ಪ್ರವಾಸದ ಡೈರಿ. "ಟ್ರಿಪ್‌ಗೆ ಹೋದ್ರೆ ನಾನೂ ಇಷ್ಟು ಬರೀಬಹುದು" ಅಂದ. (ಅವನು ಬರೆದದ್ದನ್ನು ನಾವು ಇನ್ನೂ ಕಾಯುತ್ತಿದ್ದೇವೆ.)

ನಾಲ್ಕನೆಯವಳ ಮಾತು ನಮ್ಮೆಲ್ಲರ ಬಾಯಿ ಮುಚ್ಚಿಸಿತು. ಅವಳ ಊರು ಹೂವಿನಹಡಗಲಿ ಕಡೆ. ಅಲ್ಲಿಯ ಮೈಲಾರದ ಮೈಲಾರಲಿಂಗ ಅವರ ಮನೆದೇವರು. ನಿಮಗೆ ಗೊತ್ತಿರಬಹುದು, ಮೈಲಾರನೂ ಖಂಡೋಬನೂ ಒಂದೇ ದೇವರ ಎರಡು ಹೆಸರು. ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲೂ, ಬೀದರಿನ ಆದಿಮೈಲಾರದಲ್ಲೂ ಇರುವವನು ಅವನೇ. ಜೆಜುರಿಯ ಬೆಟ್ಟದಲ್ಲಿ ಭಕ್ತರು ಅರಿಶಿನದ ಭಂಡಾರ ಎರಚಿ "ಯೇಳ್‌ಕೋಟ್ ಯೇಳ್‌ಕೋಟ್" ಅಂತ ಕೂಗುವುದು, ಮೈಲಾರದಲ್ಲಿ "ಏಳುಕೋಟಿ ಏಳುಕೋಟಿಗೋ" ಅಂತ ಕೂಗುವುದು, ಕಿವಿಗೆ ಎರಡೂ ಒಂದೇ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡಿಯುತ್ತಾನೆ. ಒಂದೇ ಸಾಲು. ಅದನ್ನು ಕೇಳಿ ಊರಿನ ರೈತರು ವರ್ಷದ ಮಳೆಬೆಳೆಯ ಲೆಕ್ಕ ಹಾಕುತ್ತಾರೆ.

ಅವಳು ಹೇಳಿದ್ದು ಇಷ್ಟು: "ನಮ್ಮಜ್ಜ ಮೈಲಾರಕ್ಕೆ ನಡ್ಕೊಂಡು ಹೋಗ್ತಿದ್ದ. ಆ ಒಂದು ಸಾಲು ಕೇಳಿ ವಾಪಸ್ ಬಂದು ವರ್ಷವಿಡೀ ಅದನ್ನೇ ಮೆಲುಕು ಹಾಕ್ತಿದ್ದ. ಇಲ್ಲಿ 31 ಪದ್ಯ ಇವೆ. ನಮ್ಮಜ್ಜ ಒಂದರಲ್ಲೂ ಇಲ್ಲ."

ಈ ಜಗಳ ನಾವು ಐದು ಮಂದಿ ಹುಟ್ಟುಹಾಕಿದ್ದಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. 1980ರ ದಶಕದಲ್ಲೇ ಭಾಲಚಂದ್ರ ನೇಮಾಡೆ ಇದನ್ನು ಎತ್ತಿದ್ದರು. 1963ರಲ್ಲಿ ‘ಕೋಸಲಾ’ ಬರೆದವರು, 2014ರ ಜ್ಞಾನಪೀಠ ಪಡೆದವರು, ದೇಶೀವಾದವನ್ನು ಜೀವನವಿಡೀ ಪ್ರತಿಪಾದಿಸಿದವರು. ಅವರ ತಕರಾರಿನ ತಿರುಳು ಇದು: ಕೊಲಟ್ಕರ್ ಮುಂಬೈಯಿಂದ ವಾರದ ಕೊನೆಗೆ ಬಂದುಹೋಗುವ ಪ್ರವಾಸಿಯ ಹಾಗೆ ಜೆಜುರಿಗೆ ಬರುತ್ತಾರೆ. ಶತಮಾನಗಳಿಂದ ಲಕ್ಷಾಂತರ ಜನಕ್ಕೆ ಆ ಜಾಗ ಏನಾಗಿದೆ ಅನ್ನುವುದು ಅವರಿಗೆ ಬೇಕಾಗಿಲ್ಲ. ಇನ್ನೊಂದು ಪಕ್ಷದವರು ಹೇಳುವುದು, ಕವಿ ನಂಬಿಕೆಯ ವಕಾಲತ್ತು ಮಾಡಬೇಕಿಲ್ಲ, ಕಣ್ಣು ತೆರೆದು ನೋಡಿದರೆ ಸಾಕು. ಹಾಗೆ ನೋಡುವುದೇ ಇಲ್ಲಿ ಒಂದು ಬಗೆಯ ಶ್ರದ್ಧೆ. ದೇವರನ್ನು ನಂಬುತ್ತೀರಾ ಎಂದು ಸಂದರ್ಶನವೊಂದರಲ್ಲಿ ಕೇಳಿದಾಗ, ಆ ಬಗ್ಗೆ ತಾನೊಂದು ನಿಲುವು ತಳೆಯುವ ಅಗತ್ಯ ಕಂಡಿಲ್ಲ ಎಂಬರ್ಥದ ಮಾತನ್ನು ಕವಿ ಆಡಿದ್ದರು.

ಆ ಶನಿವಾರ ನಾನು ನೇಮಾಡೆ ಪಕ್ಷ. ಕೈ ಎತ್ತಿ ಮೂರು–ಎರಡು ಮಾಡಿದವನು ನಾನೇ. ತೂಗುಸೇತುವೆಯ ಮೇಲೆ ನಿಂತ ಎಲ್ಲ ಮೊಬೈಲುಗಳೂ ನನ್ನ ಕಣ್ಣ ಮುಂದೆ ಇದ್ದವು. ಪುಸ್ತಕದೊಳಗೂ ಸಾಕ್ಷಿ ಸಿಕ್ಕಿತು. ಪೂಜಾರಿಯ ಮೇಲೊಂದು ಕವಿತೆ ಇದೆ: ಮೋರಿಯ ಮೇಲೆ ಕೂತು ಬಸ್ಸಿಗೆ ಕಾಯುತ್ತಿರುವ ಪೂಜಾರಿ, ಇವತ್ತು ತಟ್ಟೆಗೆ ಹೋಳಿಗೆ ಬೀಳುತ್ತದೋ ಇಲ್ಲವೋ ಎಂಬ ಲೆಕ್ಕದಲ್ಲಿದ್ದಾನೆ. ಜಾಣತನದ ಕವಿತೆ, ನಗುವೂ ಬರುತ್ತದೆ. ಆದರೆ ನಗುವವನು ಈಗಷ್ಟೇ ಬಸ್ಸಿನಿಂದ ಇಳಿಯಬೇಕಾದವ. ಆ ಊರಿಗೆ ಇನ್ನೂ ಅವನು ಏನನ್ನೂ ಕೊಟ್ಟಿಲ್ಲ, ಆ ಊರಲ್ಲಿ ಏನನ್ನೂ ಕಳಕೊಂಡಿಲ್ಲ. ದೇವಸ್ಥಾನದ ಊರಲ್ಲಿ ಪೂಜಾರಿಯ ಹೊಟ್ಟೆಯನ್ನು ನೋಡಿ ನಗುವುದು ಎಲ್ಲಕ್ಕಿಂತ ಸುಲಭದ ನಗು. ಉಡುಪಿಯ ಕಡೆಯವನಾದ ನಾನು ಇಂಥ ಜೋಕುಗಳನ್ನು ಬೇಕಾದಷ್ಟು ಕೇಳಿದ್ದೇನೆ, ಮಾಡಿದ್ದೇನೆ ಕೂಡ.

ಇಷ್ಟಕ್ಕೇ ಬರೆದು ಮುಗಿಸಿದ್ದರೆ ಈ ಅಂಕಣ ಸುಲಭವಾಗುತ್ತಿತ್ತು. ಆದರೆ ಮುಂದಿನ ವಾರ ನಾನು ಊರಿಗೆ ಹೋದೆ.

ಶುಕ್ರವಾರ ರಾತ್ರಿಯ ಸ್ಲೀಪರ್ ಬಸ್ಸು, ಶನಿವಾರ ಬೆಳಗ್ಗೆ ಸಂತೆಕಟ್ಟೆ, ಅಲ್ಲಿಂದ ರಿಕ್ಷಾ. ಅಮ್ಮ ಅಂಗಳದಲ್ಲೇ ತುಳುವಿನಲ್ಲಿ ಕೇಳಿದರು, "ಏಪ ಪೋಪಿನಿ?" ಯಾವಾಗ ಹೋಗುದು ಅಂತ. ಬಂದದ್ದು ಯಾವಾಗ ಅಂತ ಕೇಳಲಿಲ್ಲ, ಹೋಗುವುದನ್ನೇ ಕೇಳಿದ್ದು. ಅವರಿಗೆ ಅದರಲ್ಲಿ ಕೊಂಕು ಏನಿಲ್ಲ. ಭಾನುವಾರಕ್ಕೆ ಮರುವಾಯಿ ಸುಕ್ಕ ಮಾಡುದಾ, ಶನಿವಾರವೇ ಮಾಡುದಾ ಅಂತ ಗೊತ್ತಾಗಬೇಕು, ಅಷ್ಟೆ. "ನಾಳೆ ರಾತ್ರಿಯ ಬಸ್ಸಿಗೆ" ಅಂದೆ. ಹೇಳುವಾಗಲೇ ನನಗೆ ನಮ್ಮ ದರ್ಶಿನಿಯ ಜಗಳ ನೆನಪಾಯಿತು. ಹನ್ನೆರಡು ವರ್ಷದಿಂದ ನಾನು ಕೆಮ್ಮಣ್ಣಿಗೆ ಬರುವುದು ವಾರದ ಕೊನೆಗೆ. ನೇಮಾಡೆ ಯಾರನ್ನು ದೂರಿದ್ದರೋ ಅವನು ನಾನೇ. ನನಗೆ ಇಲ್ಲೊಂದು ಮನೆ ಉಂಟು, ಕೊಲಟ್ಕರನಿಗೆ ಅಲ್ಲಿ ಮನೆ ಇರಲಿಲ್ಲ, ವ್ಯತ್ಯಾಸ ಅಷ್ಟೇ.

ಆ ದಿನ ಮಧ್ಯಾಹ್ನ ಪುಸ್ತಕವನ್ನು ಮತ್ತೆ ಮೊದಲಿನಿಂದ ಓದಿದೆ. ಮೊದಲ ಓದಿನಲ್ಲಿ ಬೇಗ ದಾಟಿಬಿಟ್ಟ ಒಂದು ಸಂಗತಿ ಈ ಸಲ ತಡೆದು ನಿಲ್ಲಿಸಿತು. ಸಂಕಲನ ಶುರುವಾಗುವುದು ಸರಕಾರಿ ಬಸ್ಸಿನೊಳಗೆ. ಕಿಟಕಿಗೆ ಟಾರ್ಪಾಲು ಬಿಗಿದಿದೆ, ಹೊರಗೆ ಏನೂ ಕಾಣುವುದಿಲ್ಲ. ಎದುರು ಕೂತ ಮುದುಕನ ಕನ್ನಡಕದ ಎರಡು ಗಾಜಿನಲ್ಲಿ ಪ್ರಯಾಣಿಕನಿಗೆ ಕಾಣುವುದು ತನ್ನದೇ ಮುಖ, ಎರಡು ಹೋಳಾಗಿ. ಬಸ್ಸು ನಿಂತು ಇಳಿಯುವಾಗ, ಆ ಮುದುಕನ ತಲೆಯೊಳಕ್ಕೆ ತನ್ನ ಪ್ರಯಾಣಿಕ ಕಾಲಿಡಲಿಲ್ಲ ಎಂಬುದನ್ನು ಕವಿಯೇ ಬರೆದಿಟ್ಟಿದ್ದಾನೆ. ಅಂದರೆ ನೇಮಾಡೆಯವರ ಆಕ್ಷೇಪ ಮೊದಲ ಕವಿತೆಯಲ್ಲೇ ದಾಖಲಾಗಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಈ ಸಾಫ್ಟ್‌ವೇರಿನ ಮಿತಿ ಇದು ಅಂತ ರಿಲೀಸ್ ನೋಟಿನಲ್ಲೇ ಬರೆದು ಕೊಟ್ಟಿದ್ದಾನೆ, ನಾವು ಓದಲಿಲ್ಲ.

ಪುಸ್ತಕ ಮುಗಿಯುವುದು ರೈಲ್ವೇ ಸ್ಟೇಷನ್ನಿನಲ್ಲಿ. ಮುಂದಿನ ರೈಲು ಯಾವಾಗ ಅಂತ ಯಾರೂ ಹೇಳುವುದಿಲ್ಲ. ದೇವಸ್ಥಾನದಲ್ಲಿ ಏನೂ ಬೇಡದ ಮನುಷ್ಯ ಇಲ್ಲಿ ರೈಲಿನ ಸಮಯಕ್ಕಾಗಿ ಅಂಗಲಾಚುವ ಸ್ಥಿತಿಗೆ ಬರುತ್ತಾನೆ. ಬಸ್ಸಿನಲ್ಲಿ ಬಂದು ರೈಲಿಗೆ ಕಾದು ಹೋಗುವವನ ಪುಸ್ತಕ ಇದು. ತನ್ನ ಟಿಕೆಟ್ಟನ್ನು ಅವನು ಎಲ್ಲೂ ಮುಚ್ಚಿಡುವುದಿಲ್ಲ.

ನಡುವೆ ‘ಮುದುಕಿ’ಯ ಕವಿತೆ ಇದೆ. ಇಡೀ ಸಂಕಲನದಲ್ಲಿ ನಾನು ಯಾರಿಗಾದರೂ ಒಂದೇ ಕವಿತೆ ಓದಿಸುವುದಾದರೆ ಇದನ್ನೇ. ಒಬ್ಬ ಮುದುಕಿ ಪ್ರವಾಸಿಯ ತೋಳು ಹಿಡಿದುಕೊಳ್ಳುತ್ತಾಳೆ. ಐವತ್ತು ಪೈಸೆ ಕೊಟ್ಟರೆ ಕುದುರೆಲಾಳದ ಗುಡಿ ತೋರಿಸುತ್ತೇನೆ ಅನ್ನುತ್ತಾಳೆ. ಅವನು ಅದನ್ನು ಆಗಲೇ ನೋಡಿ ಆಗಿದೆ. ಕೊಡವಿಕೊಂಡರೂ ಬಿಡುವುದಿಲ್ಲ, ಮುಳ್ಳಿನ ಹಾಗೆ ಅಂಟಿಕೊಳ್ಳುತ್ತಾಳೆ. ಇದನ್ನು ಇಲ್ಲಿಗೇ ಮುಗಿಸೋಣ ಅಂತ ಖಡಕ್ಕಾಗಿ ತಿರುಗುತ್ತಾನೆ. ಆಗ ಅವಳು ಒಂದು ಮಾತು ಆಡುತ್ತಾಳೆ: ಈ ದರಿದ್ರ ಗುಡ್ಡಗಳಲ್ಲಿ ಒಬ್ಬ ಮುದುಕಿ ಇನ್ನೇನು ಮಾಡಿಯಾಳು ಎಂಬರ್ಥದ್ದು. ಅವಳ ಕಣ್ಣೊಳಗೆ ನೋಡಿದ್ದೇ, ಗುಡ್ಡ, ಗುಡಿ, ಆಕಾಶ ಎಲ್ಲ ಬಿರುಕು ಬಿಟ್ಟು ಉದುರುತ್ತವೆ, ಅವಳೊಬ್ಬಳು ಒಡೆಯದೆ ನಿಲ್ಲುತ್ತಾಳೆ. ಕೊನೆಗೆ ಪ್ರವಾಸಿಯೇ ಅವಳ ಕೈಯಲ್ಲಿನ ಚಿಲ್ಲರೆಯಷ್ಟು ಸಣ್ಣವನಾಗುತ್ತಾನೆ.

ಪೂಜಾರಿಯ ಕವಿತೆಗೂ ಮುದುಕಿಯ ಕವಿತೆಗೂ ಇರುವ ಅಂತರದಲ್ಲಿ ನನಗೆ ಈ ಜಗಳದ ಉತ್ತರ ಅರ್ಧ ಸಿಕ್ಕಿತು. ಎರಡರಲ್ಲೂ ನೋಡುವವನು ಅದೇ ಪ್ರವಾಸಿ, ಅದೇ ಮುಂಬೈಯ ಕಣ್ಣು. ಪೂಜಾರಿಯನ್ನು ಅವನು ನೋಡುತ್ತಾನೆ, ಪೂಜಾರಿ ತಿರುಗಿ ನೋಡಿದರೂ ಇವನಿಗೆ ಏನೂ ಆಗುವುದಿಲ್ಲ. ಮುದುಕಿ ತಿರುಗಿ ನೋಡಿದಾಗ ಇವನ ಬೆಲೆ ಐವತ್ತು ಪೈಸೆಗೆ ಇಳಿಯುತ್ತದೆ. ಹಾಗಾಗಿ ಹೊರಗಿನವನು ಬರೆಯಬಹುದಾ ಅಂತ ಕೇಳುವುದಕ್ಕಿಂತ, ಬರೆದವನಿಗೆ ಅಲ್ಲಿ ಏನಾದರೂ ಆಯಿತಾ ಅಂತ ಕೇಳಬೇಕು. ನಮ್ಮ ಸೇತುವೆಯ ರೀಲ್ಸಿನ ಬಗ್ಗೆ ನನ್ನ ಸಿಟ್ಟಿಗೂ ಕಾರಣ ಇದೇ ಇರಬೇಕು. ಅವರು ಹೊರಗಿನವರು ಅಂತಲ್ಲ. ಆ ಅಜ್ಜ ಚೀಲ ಹೊತ್ತು ಎದುರು ಬಂದರೂ ಅವರಿಗೆ ಏನೂ ಆಗುವುದಿಲ್ಲ ಅಂತ.

ಒಳಗಿನವನಾದ ಮಾತ್ರಕ್ಕೆ ಎಲ್ಲ ಕಾಣುತ್ತದೆ ಅನ್ನುವುದೂ ಸುಳ್ಳೇ. ಇದನ್ನು ನನಗೆ ಕಲಿಸಿದ್ದು ಒಬ್ಬ ಪ್ರವಾಸಿ. ಎರಡು ವರ್ಷದ ಹಿಂದೆ ಆಫೀಸಿನ ಸ್ನೇಹಿತನೊಬ್ಬ ನನ್ನ ಜೊತೆ ಊರಿಗೆ ಬಂದಿದ್ದ. ಎಲ್ಲರ ಹಾಗೆ ಅವನೂ ಸೇತುವೆಯ ಮೇಲೆ ಫೋಟೋ ತೆಗೆದ. ಆಮೇಲೆ ಕುದ್ರುವಿಗೆ ಇಳಿದು, ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಒಬ್ಬರು ಅಜ್ಜಿಯನ್ನು ತನ್ನ ಹರುಕು ಕನ್ನಡದಲ್ಲಿ ಕೇಳಿದ: "ಸೇತುವೆ ಇಲ್ಲದಾಗ ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಏನ್ ಮಾಡ್ತಿದ್ರಿ?" ಅಜ್ಜಿ ಹಪ್ಪಳ ಬಿಟ್ಟು ಕೂತುಕೊಂಡರು. ಮಳೆಗಾಲದ ಒಂದು ರಾತ್ರಿ ಗಂಡನನ್ನು ದೋಣಿಯಲ್ಲಿ ಮಲಗಿಸಿ ದಾಟಿಸಿದ ಕತೆ ಹೇಳಿದರು. ಆಚೆ ದಡ ಮುಟ್ಟುವಾಗ ಅವರು ಮಾತಾಡುವುದನ್ನು ನಿಲ್ಲಿಸಿದ್ದರಂತೆ. ನಾನು ಹುಟ್ಟಿ ಬೆಳೆದದ್ದು ಆ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ. ಆ ಅಜ್ಜಿಯ ಕೈಯ ಹಪ್ಪಳ ತಿಂದವನು. ಈ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸೇತುವೆ ನನಗೆ ಯಾವಾಗಲೂ ಇದ್ದದ್ದು, ಹಾಗಾಗಿ ಅದಕ್ಕಿಂತ ಮೊದಲಿನದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವನಿಗೆ ಅದು ಹೊಸತು, ಅದಕ್ಕೇ ಕೇಳಿದ.

ಕನ್ನಡದ ಪ್ರಯಾಣದ ಕವಿತೆಗಳನ್ನು ನಾವು ಹೇಗೆ ಓದುತ್ತೇವೆ ಅನ್ನುವುದಕ್ಕೂ ಇದು ಹೊಂದುತ್ತದೆ. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದವರು. 1940ರಲ್ಲಿ ಬಂದ ಅವರ ‘ಸಮುದ್ರಗೀತೆಗಳು’ ಸಂಕಲನವನ್ನು ಕನ್ನಡದ ಮುಕ್ತಛಂದದ ಚರಿತ್ರೆಯಲ್ಲಿ ಎಲ್ಲರೂ ನೆನೆಯುತ್ತಾರೆ. ಕಡಲ ಕರೆಯವನಾದ ನಾನು ಕಾಲೇಜಿನ ದಿನಗಳಲ್ಲಿ ಅದನ್ನು ಬದಿಗಿಟ್ಟಿದ್ದೆ. ಇದು ಹಡಗಿನ ಪ್ರಯಾಣಿಕನ ಸಮುದ್ರ, ಮಲ್ಪೆಯ ಬಲೆಯವರ ಸಮುದ್ರ ಅಲ್ಲ ಅಂತ. ಈಗ ಆ ತೀರ್ಪಿನ ಬಗ್ಗೆ ನಾಚಿಕೆಯಾಗುತ್ತದೆ. ಬಯಲುಸೀಮೆಯವನೊಬ್ಬ ಸಮುದ್ರದ ಎದುರು ನಿಂತಾಗ ಅವನ ಹಳೆಯ ಛಂದಸ್ಸು ಸಾಲದೆ ಹೋಯಿತಲ್ಲ, ಅದೂ ಅವನಿಗೆ ‘ಏನೋ ಆದದ್ದೇ’ ಅಲ್ಲವಾ? ದಿನಾ ಅಲೆ ನೋಡಿದ ನಮಗೆ ಯಾವ ಛಂದಸ್ಸೂ ಮುರಿಯಲಿಲ್ಲ.

ಹಾಗಾದರೆ ನಾನು ಪಕ್ಷ ಬದಲಿಸಿದೆನಾ? ಪೂರ್ತಿ ಇಲ್ಲ. ನೇಮಾಡೆಯವರ ಪ್ರಶ್ನೆಯ ಒಂದು ತುಂಡು ಇನ್ನೂ ಗಂಟಲಲ್ಲಿದೆ. ಆ ಮುದುಕಿಯ ಎದುರು ಕವಿ ಸಣ್ಣವನಾದ, ಸರಿ. ಆದರೆ ಅವಳು ದಿನಾ ನೋಡುವ ಖಂಡೋಬ ಅವಳಿಗೆ ಏನು? ಅದು ಪುಸ್ತಕಕ್ಕೆ ಬಂದಿಲ್ಲ. ಖಂಡೋಬನಿಗೆ ಬಿಟ್ಟ ವಾಘ್ಯಾ ಮತ್ತು ಮುರಳಿಯರ ಬಾಯಿಯಿಂದಲೇ ಹಾಡಿಸಿದ ಕವಿತೆಗಳಿವೆ, ನಿಜ. ಅಲ್ಲಿ ಕವಿ ತನ್ನ ಕನ್ನಡಕ ಬಿಚ್ಚಿಟ್ಟು ಅವರ ಗಂಟಲಿಗೆ ಇಳಿಯಲು ನೋಡುತ್ತಾನೆ. ಸದ್ದು ಚೆನ್ನಾಗಿದೆ, ಲಯ ಇದೆ. ಆದರೂ ಹಡಗಲಿಯ ಗೆಳತಿ ಅವನ್ನು ಜೋರಾಗಿ ಓದಿ ಹೇಳಿದ್ದು, "ಇದು ಗೊರವಯ್ಯನ ವೇಷ, ಗೊರವಯ್ಯ ಅಲ್ಲ." ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಕವಿಯ ಹತ್ತಿರವೂ ಇರಲಿಲ್ಲವೇನೋ. ತಲೆಯೊಳಕ್ಕೆ ಕಾಲಿಡಲಿಲ್ಲ ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ ಹೌದು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ.

ಭಾಷೆಯ ಪ್ರಶ್ನೆಯೂ ಹಾಗೇ. ಇಂಗ್ಲಿಷಿನಲ್ಲಿ ಬರೆದದ್ದರಿಂದ ‘ಜೆಜುರಿ’ ಲಂಡನ್, ನ್ಯೂಯಾರ್ಕ್ ಮುಟ್ಟಿತು, ನಮ್ಮ ದರ್ಶಿನಿಯ ಟೇಬಲ್ಲನ್ನೂ ಮುಟ್ಟಿತು. ಮೋರಿಯ ಮೇಲಿನ ಪೂಜಾರಿಯನ್ನು, ಐವತ್ತು ಪೈಸೆಯ ಮುದುಕಿಯನ್ನು ಮುಟ್ಟಿರಲಾರದು. ನಾನು ಈ ಅಂಕಣವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಮ್ಮ ಕುದ್ರುವಿನ ಅಜ್ಜಿ ಮಾತಾಡುವುದು ತುಳು. ಅವರ ದೋಣಿಯ ರಾತ್ರಿಯನ್ನು ನಾನು ಇಲ್ಲಿ ಬರೆದದ್ದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಕೊಲಟ್ಕರನ ಮೇಲೆ ಕಲ್ಲೆಸೆಯುವ ಮೊದಲು ನಾನು ಮುಂದಿನ ಸಲ ಊರಿಗೆ ಹೋದಾಗ ಸೇತುವೆ ದಾಟಿ ಹೋಗಿ, ಇದನ್ನು ಅವರಿಗೆ ತುಳುವಿನಲ್ಲಿ ಓದಿ ಹೇಳಬೇಕು. ಬೇಡ ಅಂದರೆ ಆ ಭಾಗವನ್ನು ತೆಗೆಯುತ್ತೇನೆ.

ನೀವು ‘ಜೆಜುರಿ’ ಓದುವುದಿದ್ದರೆ ಒಂದೇ ಸಲಹೆ. ಬಿಡಿ ಕವಿತೆಗಳನ್ನು ಅಲ್ಲಲ್ಲಿ ಹೆಕ್ಕಬೇಡಿ. ಬಸ್ಸು ಹತ್ತಿ, ಸ್ಟೇಷನ್ನಿನ ತನಕ ಹೋಗಿ. ಮುರಿದ ಮಾರುತಿ ಗುಡಿಯಲ್ಲಿ ಮರಿ ಹಾಕಿದ ನಾಯಿ, ಒಣಹಾಕಿದ ಚಡ್ಡಿಯನ್ನು ಹೊತ್ತು ಒಂದೇ ತಿರುಗಣಿಯಲ್ಲಿ ನೇತಾಡುವ ಬಾಗಿಲು, ಗುಡಿಯ ಗೋಡೆಯ ಹೊರಗೇ ಉಳಿದ ಕೈಕಾಲಿಲ್ಲದ ಯಶವಂತರಾವ್ ದೇವರು, ಎಲ್ಲ ದಾರಿಯಲ್ಲಿ ಸಿಗುತ್ತವೆ. ಪೂಜಾರಿಯ ಹತ್ತಿರ ನಗು ಬಂದರೆ ನಕ್ಕುಬಿಡಿ. ಮುದುಕಿ ತೋಳು ಹಿಡಿದಾಗ ಮಾತ್ರ ಕೊಡವಿಕೊಳ್ಳಬೇಡಿ, ಸ್ವಲ್ಪ ಹೊತ್ತು ನಿಲ್ಲಿ.

ಕಳೆದ ತಿಂಗಳು ಮತ್ತೆ ಕೈ ಎತ್ತಿದೆವು. ಈ ಸಲ ಎರಡು–ಎರಡು. ಐದನೆಯ ಕೈ ನನ್ನದು, ಅದು ಕಾಫಿ ಲೋಟದ ಮೇಲೇ ಇತ್ತು. ಹಡಗಲಿಯ ಗೆಳತಿ ಪುಸ್ತಕವನ್ನು ಎರವಲು ಕೇಳಿದಳು. ಭರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗುವವಳಿದ್ದಾಳೆ. "ಅಲ್ಲಿ ಕೂತು ಓದ್ತೀನಿ. ಏನಾಗುತ್ತೋ ನೋಡೋಣ" ಅಂದಳು. ಕೊಟ್ಟಿದ್ದೇನೆ.